ಕಾರಿಗೂ ಒಂದು ಎಣ್ಣೆನೀರು

ನನ್ನದೊಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬದ ದಿನ, ನಾನು ನನ್ನ ಕಾರಿಗೆ ಎಣ್ಣೆನೀರು ಹಾಕಿಸುತ್ತೇನೆ. ನೀವು ನಗುತ್ತೀರಿ ಎಂದು ಗೊತ್ತು. ನಗಿ, ಆದರೆ ಮೆಲ್ಲಗೆ ನಗಿ. ಕಾರಿಗೆ ಈಗ ಇಪ್ಪತ್ತೇಳು ವರ್ಷ. ಅಷ್ಟು ವಯಸ್ಸಾದವರ ಎದುರು ಜೋರಾಗಿ ನಗಬಾರದು ಎಂಬ ಮರ್ಯಾದೆ ನಮ್ಮ ಬಸವನಗುಡಿಯಲ್ಲಿ ಇನ್ನೂ ಇದೆ.

ಇದು ಶುರುವಾದದ್ದು ನಮ್ಮ ಅಮ್ಮನಿಂದ. ಕಾರು ಮನೆಗೆ ಬಂದ ವರ್ಷ, ಅದರ ಎಂಜಿನ್ ಎಣ್ಣೆ ಬದಲಾಯಿಸುವ ದಿನವೂ ನೀರು ತುಂಬುವ ಹಬ್ಬವೂ ಒಟ್ಟಿಗೇ ಬಂದವು. ಒಳಗೆ ಅಮ್ಮ ಬಚ್ಚಲಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅದರ ಕೊರಳಿಗೆ ಹೂವಿನ ಸರ ಸುತ್ತುತ್ತಿದ್ದಳು. ಹೊರಗೆ ಮೆಕ್ಯಾನಿಕ್ ಮುನಿಯಣ್ಣ ಕಾರಿನ ಹಳೆಯ ಎಣ್ಣೆ ಬಸಿದು ಹೊಸದನ್ನು ಸುರಿಯುತ್ತಿದ್ದರು. ಮಿಕ್ಕ ಹೂವನ್ನು ಕಾರಿಗೆ ಮುಡಿಸಲು ಬಂದ ಅಮ್ಮ ಸ್ವಲ್ಪ ಹೊತ್ತು ನಿಂತು ನೋಡಿದಳು. "ನಮಗೆಲ್ಲ ನಾಳೆ ಬೆಳಿಗ್ಗೆ ಎಣ್ಣೆ. ಇದು ಇವತ್ತೇ ಹಾಕಿಸ್ಕೊಂಡ್ಬಿಡ್ತು ನೋಡು, ಆತುರಗೇಡಿ!" ಎಂದಳು. ಆಮೇಲೆ ಡಬ್ಬದ ಬಾಯಲ್ಲಿ ನಿಂತಿದ್ದ ಕಡೆಯ ಹನಿಯನ್ನು ಬೆರಳಿಗೆ ತೆಗೆದುಕೊಂಡು, ನಮ್ಮ ನೆತ್ತಿಗೆ ಇಡುವ ಹಾಗೆಯೇ ಎಂಜಿನ್ನಿನ ತಲೆಗೆ ಇಟ್ಟು, "ನೂರು ವರ್ಷ ಬಾಳಪ್ಪ" ಎಂದು ಹರಸಿದಳು. ಡಬ್ಬ ಹಿಡಿದಿದ್ದ ಮುನಿಯಣ್ಣ ನಗಲಿಲ್ಲ. ಕೈ ಒರೆಸಿಕೊಂಡು ನಮಸ್ಕಾರ ಮಾಡಿದರು. ಅಮ್ಮ ಹೋಗಿ ಬಹಳ ವರ್ಷವಾಯಿತು. ಆ ಕಡೆಯ ಹನಿಯನ್ನು ಈಗ ಮುನಿಯಣ್ಣ ಇಡುತ್ತಾರೆ, ಅದೇ ಮಾತು ಹೇಳಿ.

ಮುನಿಯಣ್ಣನ ಗ್ಯಾರೇಜು ಇರುವುದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ದೊಡ್ಡದೊಂದು ಹೊಂಗೆಮರದ ಕೆಳಗೆ. ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಬೆಂಚು, ಒಂದು ರೇಡಿಯೋ. ಉಳಿದದ್ದೆಲ್ಲ ಮರವೇ. ಹೊಂಗೆ ಹೂ ಬಿಡುವ ಕಾಲದಲ್ಲಿ ಅಲ್ಲಿ ನಿಂತ ಗಾಡಿಗಳ ಮೇಲೆಲ್ಲ ಹೂ ಉದುರಿ, ರಿಪೇರಿಗೆ ಬಂದವೋ ಮದುವೆಗೆ ಬಂದವೋ ತಿಳಿಯುವುದಿಲ್ಲ. ಮುನಿಯಣ್ಣನಿಗೆ ಆ ಬೀದಿಯಲ್ಲಿ "ಕಿವಿ ಮುನಿಯಣ್ಣ" ಎಂದೇ ಹೆಸರು. ಬೇರೆಯವರು ಬಾನೆಟ್ ಎತ್ತಿ ನೋಡುತ್ತಾರೆ, ಇವರು ಕೇಳುತ್ತಾರೆ. ರೇಡಿಯೋ ಆರಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಆಗ ಬೀದಿಯೇ ಮಾತು ನಿಲ್ಲಿಸಿದ ಹಾಗಿರುತ್ತದೆ. ಒಮ್ಮೆ ನಾನು ರಸ್ತೆಯ ತಿರುವಿನಲ್ಲಿ ಇರುವಾಗಲೇ, ಇನ್ನೂ ಕಾರು ಕಣ್ಣಿಗೆ ಬೀಳುವ ಮೊದಲೇ, "ಮೇಷ್ಟ್ರ ಗಾಡಿ ಬಂತು, ವಾಟರ್ ಪಂಪ್ ಹೋಗೈತೆ" ಎಂದಿದ್ದರಂತೆ. ಹೋಗಿತ್ತು. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಯಾವ ವಿದ್ಯಾರ್ಥಿಯನ್ನೂ ಅಷ್ಟು ದೂರದಿಂದ ಅಷ್ಟು ಸರಿಯಾಗಿ ತಿಳಿದುಕೊಳ್ಳಲು ನನ್ನಿಂದ ಆಗಲಿಲ್ಲ.

ಹೀಗೆ ನನ್ನ ಕಾರಿಗೆ ಕಿವಿಯಾಗಿ ಮುನಿಯಣ್ಣ ಇದ್ದುದರಿಂದ ನಾನು ಅದರ ಸದ್ದಿನ ಕಡೆ ಗಮನ ಕೊಟ್ಟವನೇ ಅಲ್ಲ. ಕಾರು ಓಡಿಸುವಾಗ ನಾನು ಹೆಚ್ಚಾಗಿ ಬೇರೆಲ್ಲೋ ಇರುತ್ತೇನೆ. ಆಕಾಶಮಲ್ಲಿಗೆ ಮರದ ಕೆಳಗೆ ಹಾದರೆ ಹುಡುಗನಾಗಿದ್ದಾಗ ಆ ಹೂವಿನ ತೊಟ್ಟಿನಲ್ಲಿ ಪೀಪಿ ಊದಿದ್ದು ನೆನಪಾಗುತ್ತದೆ. ಹಿಂದಿನವನು ಹಾರ್ನ್ ಹಾಕಿದಾಗಲೇ ಮತ್ತೆ ಅರವತ್ತೇಳು ವರ್ಷದವನಾಗುವುದು.

ಹೋದ ವರ್ಷ ಈ ನೆಮ್ಮದಿಗೆ ಕಲ್ಲು ಬಿತ್ತು. ಹಾಕಿದವನು ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಕಾರ್ತಿಕ್. ಒಳ್ಳೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಆದರೆ ಊಟಕ್ಕೆ ಕೂತಾಗಲೂ ಫೋನಿನಲ್ಲಿ ಗಾಡಿಗಳ ವಿಡಿಯೋ ನೋಡುತ್ತಾನೆ. ದೀಪಾವಳಿಗೆ ಹದಿನೈದು ದಿನ ಇರುವಾಗ ನಾನು ಕಾರು ಒರೆಸುತ್ತಿದ್ದುದನ್ನು ಕಂಡು ಮೆಟ್ಟಿಲ ಮೇಲೇ ನಿಂತ.

"ಅಂಕಲ್, ಇದಕ್ಕೆ ಯಾವ ಆಯಿಲ್ ಹಾಕ್ಸ್ತೀರಾ?"

"ಮುನಿಯಣ್ಣ ಹಾಕೋದು."

"ಅದಲ್ಲ ಅಂಕಲ್. ಮಿನರಲ್ಲಾ, ಸಿಂಥೆಟಿಕ್ಕಾ?"

ಆ ಪ್ರಶ್ನೆ ನನಗೆ ಅದುವರೆಗೂ ಹುಟ್ಟಿರಲೇ ಇಲ್ಲ. ಎಣ್ಣೆ ಎಂದರೆ ಎಣ್ಣೆ. ಕಾರ್ತಿಕ್ ಕೆಳಗಿಳಿದು ಬಂದು, ಪಾಪ ಎನ್ನುವಂತೆ ಬಾನೆಟ್ ಸವರಿದ. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಟಕಟಕ ಅನ್ನುತ್ತಲ್ಲ, ಅದು ಎಣ್ಣೆ ಇನ್ನೂ ಮೇಲಕ್ಕೆ ಹತ್ತಿಲ್ಲ ಅಂತ. ಒಣಗಿದ ಕಬ್ಬಿಣ ಉಜ್ಜಾಡ್ತಿರುತ್ತೆ. ಹಳೇ ಎಣ್ಣೆ ದಪ್ಪ, ಚಳೀಲಿ ಏಳೋದೇ ಲೇಟು. ಸಿಂಥೆಟಿಕ್ ಆದ್ರೆ ಒಂದೇ ಸೆಕೆಂಡಿಗೆ ಹತ್ತಿಬಿಡುತ್ತೆ. ದಿನಾ ಬೆಳಿಗ್ಗೆ ನೀವು ಅದರ ಆಯಸ್ಸು ಸವೆಸ್ತಿದೀರಾ ಅಂಕಲ್."

ಆಯಸ್ಸು ಎಂಬ ಮಾತು ಅಮ್ಮನ ಹಾರೈಕೆಗೆ ತಗುಲಿದ್ದರಿಂದ ನನಗೆ ಕಸಿವಿಸಿಯಾಯಿತು. ಮಾರನೆಯ ಬೆಳಿಗ್ಗೆ ಮೊದಲ ಸಲ ಕಿವಿಗೊಟ್ಟು ಕೇಳಿದೆ. ಹೌದು, ಟಕಟಕ ಎನ್ನುತ್ತಿತ್ತು. ಮೂರು ನಾಲ್ಕು ಸೆಕೆಂಡು, ಹಲ್ಲು ಕಡಿದ ಹಾಗೆ.

ಪಾರ್ಕಿನ ಕಲ್ಲುಬೆಂಚಿನ ಮೇಲೆ ವಿಷಯ ಇಟ್ಟೆ. ಬಸವನಗುಡಿಯ ಪಾರ್ಕಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಎಂಟು ಉತ್ತರ, ಜೊತೆಗೆ ಒಂದು ಶ್ಲೋಕ ಸಿಗುತ್ತದೆ. ಹಳೇ ಗಾಡಿಗೆ ಹೊಸ ಎಣ್ಣೆ ಹಾಕಿದರೆ ಎಲ್ಲ ಸಂದಿಯಿಂದಲೂ ಸೋರುತ್ತದೆ ಎಂದರು ಒಬ್ಬರು. ಹಳೇದಕ್ಕೇ ಹೆಚ್ಚು ಉಪಚಾರ ಬೇಕು ಎಂದರು ಇನ್ನೊಬ್ಬರು. ಕಾರೇ ಮಾರಿಬಿಡಿ, ಎಣ್ಣೆಯ ಯೋಚನೆಯೇ ಇರುವುದಿಲ್ಲ ಎಂದವರು ಕಾರು ಓಡಿಸಲು ಬಾರದವರು.

ನನಗೆ ಇದು ಹಿಂದೆಂದೋ ಕೇಳಿದ ಜಗಳವೇ ಅನ್ನಿಸಿತು. ಚಿಕ್ಕಂದಿನಲ್ಲಿ ನರಕ ಚತುರ್ದಶಿಯ ಬೆಳಿಗ್ಗೆ, ಕಣ್ಣು ಬಿಡುವ ಮೊದಲೇ ಮಣೆಯ ಮೇಲೆ ಕೂರಿಸುತ್ತಿದ್ದರಲ್ಲ, ಆಗ ನಮ್ಮ ನೆತ್ತಿಯ ಮೇಲೆ ಇದೇ ವಾದ ನಡೆಯುತ್ತಿತ್ತು. ಅಮ್ಮನ ತವರಿನವರು ಹರಳೆಣ್ಣೆಯ ಪಕ್ಷ: ತಲೆ ತಂಪಾಗುತ್ತದೆ. ಅಪ್ಪನ ಕಡೆಯವರು ಎಳ್ಳೆಣ್ಣೆಯ ಪಕ್ಷ: ಮೈಗೆ ಇಳಿಯುತ್ತದೆ. ಹರಳೆಣ್ಣೆ ದಪ್ಪ, ಅಂಟು, ಹೋಗೆಂದರೂ ಹೋಗದು. ಎಳ್ಳೆಣ್ಣೆ ತಿಳಿ, ಹೇಳದೆ ಕೇಳದೆ ಕಿವಿಯೊಳಗೆ ಇಳಿಯುವಂಥದು. ಎರಡು ಮನೆತನದ ಗೌರವ ನನ್ನ ಕೆನ್ನೆಯ ಮೇಲೆ ಹರಿಯುತ್ತಿರುವಾಗ ನಾನು ಅರೆನಿದ್ದೆಯಲ್ಲಿ ಹಂಡೆಯ ಹೊಗೆ ನೋಡುತ್ತಿದ್ದೆ. ಎಲ್ಲ ಎಣ್ಣೆಯೂ ಕಡೆಗೆ ಸೀಗೆಪುಡಿಯ ಜೊತೆ ಮೋರಿಗೆ ಹೋಗುತ್ತಿತ್ತು.

ಎರಡು ಎಣ್ಣೆಗೂ ಏನು ವ್ಯತ್ಯಾಸ ಎಂದು ಓದಿಯೂ ನೋಡಿದೆ. ನಾವು ಮಾಮೂಲಾಗಿ ಹಾಕುವುದು ನೆಲದಾಳದಿಂದ ತೆಗೆದು ಸೋಸಿದ ಎಣ್ಣೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಯಾವುದೋ ಕಡಲಿನಲ್ಲಿ ಬಾಳಿ ತಳ ಸೇರಿದ ಅಣುಗಾತ್ರದ ಜೀವಗಳ ಕೆಸರು ಅದು. ಎಷ್ಟು ಸೋಸಿದರೂ ಅದರ ಕಣಗಳು ಒಂದೇ ಅಳತೆಯವಲ್ಲ. ದಪ್ಪ, ಸಣ್ಣ, ಉದ್ದ, ಗಿಡ್ಡ, ಕೆ.ಆರ್. ಮಾರ್ಕೆಟ್ಟಿನ ಬೆಳಗಿನ ಜನದ ಹಾಗೆ. ಸಿಂಥೆಟಿಕ್ಕೂ ಮೂಲದಲ್ಲಿ ಅಂಥದೇ ಸರಕು, ಆದರೆ ಅದನ್ನು ಕಾರ್ಖಾನೆಯಲ್ಲಿ ಬಿಚ್ಚಿ ಮತ್ತೆ ಕಟ್ಟಿರುತ್ತಾರೆ. ಅದರ ಕಣಗಳು ಶಾಲೆಯ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳ ಹಾಗೆ ಒಂದೇ ಎತ್ತರ. ಅದಕ್ಕೇ ಅಷ್ಟು ಸಲೀಸಾಗಿ ಜಾರುತ್ತದಂತೆ. ಇದನ್ನೆಲ್ಲ ಓದಿದ ದಿನ ಕಾರು ಓಡಿಸುತ್ತ, ಚಾಮರಾಜಪೇಟೆಯ ಸಿಗ್ನಲ್ಲಿನಲ್ಲಿ ನಿಂತಾಗ, ನನ್ನ ಕಾಲಿನ ಮುಂದೆಯೇ ಒಂದು ಹಳೆಯ ಸಮುದ್ರ ಬೆಚ್ಚಗೆ ತಿರುಗುತ್ತಿದೆ ಅನ್ನಿಸಿ ಹಸಿರು ದೀಪ ಬಂದದ್ದೇ ತಿಳಿಯಲಿಲ್ಲ.

ಕಡೆಗೆ ಮುನಿಯಣ್ಣನನ್ನೇ ಕೇಳಿದೆ. ಅಷ್ಟರಲ್ಲಿ ಅವರು ಸ್ವಲ್ಪ ಮುಂಗೋಪಿಯಾಗಿದ್ದರು ಎಂಬುದನ್ನೂ ಹೇಳಬೇಕು. ಎರಡು ವರ್ಷದಿಂದ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಕೇಳಿದ್ದಕ್ಕೆ ಒಮ್ಮೊಮ್ಮೆ ಸಂಬಂಧವೇ ಇಲ್ಲದ ಉತ್ತರ ಕೊಡುತ್ತಿದ್ದರು. ರೇಡಿಯೋ ಅಂತೂ ಬೀದಿಗೆಲ್ಲ ಕೇಳಬೇಕು. ಎಂಜಿನ್ ಪರೀಕ್ಷೆ ಮಾಡುವಾಗ "ಇನ್ನೂ ರೇಸ್ ಕೊಡಿ ಮೇಷ್ಟ್ರೇ, ಇನ್ನೂ" ಎಂದು ಗದರುತ್ತಿದ್ದರು. ಹೆಸರು ಬಂದಮೇಲೆ ಜನಕ್ಕೆ ಹೀಗೆಯೇ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ.

ಸಿಂಥೆಟಿಕ್ ಎಂದ ಕೂಡಲೇ ಅವರ ಮುಖ ಗಂಟಾಯಿತು.

"ಯಾರ್ ಹೇಳಿದ್ದು ನಿಮ್ಗೆ?"

"ಮಹಡಿ ಮೇಲಿನ ಹುಡುಗ."

"ಬ್ಯಾಡ ಮೇಷ್ಟ್ರೇ. ಆ ಎಣ್ಣೆ ಹಾಕಿದ್ ಗಾಡಿ ಮಾತೇ ಆಡಲ್ಲ. ಮಾತಾಡ್ದಿದ್ರೆ ರೋಗ ಏನು ಅಂತ ನಂಗೆಂಗ್ ತಿಳೀಬೇಕು? ಹಾಕಿಸ್ಲೇಬೇಕು ಅಂದ್ರೆ ಹಾಕಿಸ್ಕಳಿ. ಆದ್ರೆ ಆಮೇಲೆ ಗಾಡಿನ ನನ್ನತ್ರ ತರ್ಬ್ಯಾಡಿ."

ಇಲ್ಲಿಗೆ ನನ್ನ ಸಂಕಟ ಸ್ಪಷ್ಟವಾಯಿತು. ಎಣ್ಣೆ ಬದಲಾಯಿಸಿದರೆ ಮುನಿಯಣ್ಣ ಹೋಗುತ್ತಾರೆ. ಬದಲಾಯಿಸದಿದ್ದರೆ ಕಾರು ದಿನಾ ಬೆಳಿಗ್ಗೆ ಹಲ್ಲು ಕಡಿಯುತ್ತದೆ. ಕಾರ್ತಿಕ್‌ಗೂ ಮುನಿಯಣ್ಣನಿಗೂ ಎಣ್ಣೆ ಸೀಗೆಕಾಯಿ, ನಡುವೆ ತಲೆ ನನ್ನದು. ನನ್ನ ಹೆಂಡತಿ ಸರೋಜ ಎರಡು ದಿನ ಕೇಳಿಸಿಕೊಂಡು, "ನನ್ನ ಮಂಡಿನೋವಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಒಂದು ದಿನ ಇಷ್ಟು ಯೋಚನೆ ಮಾಡಿದೀರಾ?" ಎಂದಳು. ನಾನು ಪೇಪರು ಎತ್ತಿಕೊಂಡೆ.

ಧೈರ್ಯವಿಲ್ಲದವರು ಮಾಡುವುದನ್ನೇ ನಾನೂ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಕೆಲಸ. ಮುನಿಯಣ್ಣನಿಗೆ, "ಈ ಸಲ ಗಾಡಿ ಅಷ್ಟು ಓಡಿಲ್ಲ, ಎಣ್ಣೆ ಮುಂದಿನ ತಿಂಗಳು ನೋಡೋಣ" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಹಬ್ಬಕ್ಕೆ ಇಲ್ವಾ? ಅಮ್ಮಾವ್ರು ಹಾಕ್ಕೊಟ್ಟಿದ್ದು" ಎಂದು ಅಷ್ಟೇ ಹೇಳಿ ಕೆಲಸಕ್ಕೆ ತಿರುಗಿದರು. ಆ ಮಾತು ಚುಚ್ಚಿತು. ಚುಚ್ಚಿದರೂ, ನೀರು ತುಂಬುವ ಹಬ್ಬದ ಬೆಳಿಗ್ಗೆ ನಾನು ಕಾರನ್ನು ವೈಯಾಲಿಕಾವಲ್ ಕಡೆಗೆ ಓಡಿಸಿದೆ. ಚಾಮರಾಜಪೇಟೆಯವರು ಯಾರೂ ಕಾಣದಷ್ಟು ದೂರವೆಂದು ಲೆಕ್ಕ. ದಾರಿಯಲ್ಲಿ ಗ್ರೀಸು ಹತ್ತಿದ ಅಂಗಿಯವರು ಕಂಡಾಗಲೆಲ್ಲ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡೆ.

ಅದು ಗಾಜಿನ ಗೋಡೆಯ ಸರ್ವಿಸ್ ಸೆಂಟರ್. ನನ್ನನ್ನು ಸೋಫಾದಲ್ಲಿ ಕೂರಿಸಿ ಮೆಷಿನ್ ಕಾಫಿ ಕೊಟ್ಟರು. ಕಂಪ್ಯೂಟರಿನ ಮುಂದಿದ್ದ ಹುಡುಗಿ, "ಲಾಸ್ಟ್ ಆಯಿಲ್ ಚೇಂಜ್ ಯಾವಾಗ ಸರ್?" ಎಂದಳು.

"ಹೋದ ನೀರು ತುಂಬುವ ಹಬ್ಬಕ್ಕೆ."

ಅವಳು ಸ್ವಲ್ಪ ಹೊತ್ತು ಕೀಲಿಗಳ ಮೇಲೆ ಬೆರಳಿಟ್ಟುಕೊಂಡಿದ್ದಳು. "ಅಕ್ಟೋಬರ್ ಅಂತ ಹಾಕ್ಲಾ ಸರ್?" ಎಂದು ಮೆತ್ತಗೆ ಕೇಳಿದಳು. ಹಾಕಮ್ಮ ಎಂದೆ. ಎಣ್ಣೆ ಸುರಿಯುವುದನ್ನು ನೋಡಲು ಬಿಡಲಿಲ್ಲ, ಒಳಗೆ ಗಿರಾಕಿಗಳಿಗೆ ಪ್ರವೇಶವಿಲ್ಲವಂತೆ. ಡಬ್ಬದಿಂದ ಜೇನಿನ ಹಾಗೆ ಇಳಿಯುವ ಆ ಎಳೆ, ಅದರೊಳಗೆ ಹೊಕ್ಕು ಕೂರುವ ಬಿಸಿಲು, ನೋಡುತ್ತ ನೋಡುತ್ತ ಕಣ್ಣು ಕೂಡಿಕೊಂಡು ಬರುವುದು, ಆ ವರ್ಷ ಇವಾವುದೂ ಇಲ್ಲ. ಕಡೆಯ ಹನಿಯನ್ನು ಯಾರೂ ಇಡಲಿಲ್ಲ. ಮನೆಗೆ ಬಂದು ನಾನೇ ಇಡೋಣವೆಂದರೆ ಡಬ್ಬ ಅವರಲ್ಲೇ ಉಳಿದಿತ್ತು.

ಆದರೆ ಸುಳ್ಳು ಹೇಳಬಾರದು, ಕಾರು ಬದಲಾಗಿತ್ತು. ಮಾರನೆಯ ಬೆಳಿಗ್ಗೆ ಎಣ್ಣೆನೀರು ಮುಗಿಸಿ, ಮೈಯೆಲ್ಲ ಹಗುರಾಗಿ, ಕೀಲಿ ತಿರುವಿದೆ. ಟಕಟಕ ಇಲ್ಲ. ಕಾರು ಎದ್ದದ್ದೇ ಗೊತ್ತಾಗಲಿಲ್ಲ. ಪಟಾಕಿ ಹೊಗೆಯೂ ಮಂಜೂ ಬೆರೆತ ಬೀದಿಯಲ್ಲಿ ಅದು ತೇಲಿಕೊಂಡು ಹೋಯಿತು. ಗಾಂಧಿ ಬಜಾರಿನ ಹೂವಿನವರು ಬುಟ್ಟಿಗಳಿಗೆ ನೀರು ಚಿಮುಕಿಸುವ ಸದ್ದು ಕಾರಿನೊಳಕ್ಕೆ ಕೇಳಿಸಿತು. ಇಷ್ಟು ವರ್ಷ ಈ ಬೀದಿಗಳಲ್ಲಿ ನಾನು ಕೇಳದೆ ಬಿಟ್ಟದ್ದು ಎಷ್ಟಿರಬಹುದು ಅನ್ನಿಸಿತು. ಸಂತೋಷವಾಯಿತು. ಅದರ ಹಿಂದೆಯೇ, ಈ ಸಂತೋಷವನ್ನು ಹೇಳಿಕೊಳ್ಳಬೇಕಾದ ಒಬ್ಬರಿಗೆ ಮಾತ್ರ ಹೇಳುವಂತಿಲ್ಲ ಎಂದು ಬೇಸರವೂ ಆಯಿತು.

ಹನ್ನೆರಡು ದಿನ ಕಳೆದು ತುಳಸಿ ಹಬ್ಬ ಬಂತು. ಅಂದು ಬೆಳಿಗ್ಗೆ ಸರೋಜ ಗೇಟಿನ ಮುಂದೆ ಹದಿನೈದು ಚುಕ್ಕಿಯ ದೊಡ್ಡ ರಂಗೋಲಿ ಹಾಕಿದ್ದಳು. ರಂಗೋಲಿಯ ಎರಡು ಪಕ್ಕಕ್ಕೆ ಎರಡು ಚಕ್ರ ಬರುವ ಹಾಗೆ, ಒಂದು ಗೆರೆಯೂ ಅಳಿಸದೆ ಕಾರು ಈಚೆ ತೆಗೆಯುವುದು ನನ್ನ ಏಕೈಕ ಸಾಹಸವಿದ್ಯೆ. ನೆಲ್ಲಿಯ ಕೊಂಬೆ ತರಲು ಹೊರಟವನು ಗೇಟಿನಲ್ಲೇ ನಿಲ್ಲಿಸಿ ಚೀಲ ಹುಡುಕಲು ಒಳಗೆ ಹೋದೆ. ತಿರುಗಿ ಬಂದು ಕಾರು ಮುಂದಕ್ಕೆ ತೆಗೆದಾಗ ಸರೋಜ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು.

"ರೀ, ನಾನು ಇಟ್ಟಿದ್ದು ಸಾಲಿಗೆ ಹದಿನೈದು. ಈ ಹದಿನಾರನೇದು ಯಾರದು?"

ಬಿಳಿಯ ಚುಕ್ಕಿಗಳ ನಡುವೆ ಕಂದು ಬಣ್ಣದ ಒಂದು ಚುಕ್ಕಿ ಹೊಳೆಯುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಪಕ್ಕದ ಗೆರೆಯೊಳಕ್ಕೆ ಹಬ್ಬಿತು. ಪಾರ್ಕಿನ ಕಲ್ಲುಬೆಂಚು ಗೆದ್ದಿತ್ತು, ಕಾರು ಸೋರುತ್ತಿತ್ತು. ಗಾಜಿನ ಗೋಡೆಯವರಿಗೆ ಫೋನ್ ಮಾಡಿದರೆ, ಸಂದಿ ಮುಚ್ಚುವ ಗ್ಯಾಸ್ಕೆಟ್ಟು ಹೋಗಿರಬೇಕು, ಅಷ್ಟು ಹಳೆಯ ಮಾಡೆಲ್ಲಿನದು ನಮ್ಮಲ್ಲಿ ಬರುವುದಿಲ್ಲ ಸರ್ ಎಂದರು. ಸರೋಜ ಕಂದು ಚುಕ್ಕಿಯ ಮೇಲೆ ಒಂದು ಸೇವಂತಿಗೆ ಇಟ್ಟು ಮುಚ್ಚಿದಳು. "ಹೋಗಿ, ಅವರ ಹತ್ತಿರ ತಪ್ಪಾಯ್ತು ಅನ್ನಿ. ಏನು ಹೊಡೀತಾರಾ?" ಎಂದಳು.

ಹೋದೆ. ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಒಳಗೇ ಕೂತು ಮೊದಲ ವಾಕ್ಯ ಹುಡುಕುತ್ತಿದ್ದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕ್ಷಮಾಪಣೆ ಪತ್ರ ಬರೆಯುವುದನ್ನು ಕಲಿಸಿದವನಿಗೆ ಒಂದು ವಾಕ್ಯ ಸಿಗಲಿಲ್ಲ. ಮುನಿಯಣ್ಣ ತಗಡಿನ ಹಿಂದೆ ಎಲ್ಲೋ ಇದ್ದವರು ಕೈ ಒರೆಸಿಕೊಳ್ಳುತ್ತ ಈಚೆ ಬಂದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಂದ್ರಾ ಮೇಷ್ಟ್ರೇ! ತಡವಾದ್ರೂ ಎಣ್ಣೆಗೆ ಬಂದ್ರಲ್ಲ. ಇರಿ, ಮೊದ್ಲು ಏನಂತದೆ ಕೇಳಾನ."

ಹೋಗಿ ರೇಡಿಯೋ ಆರಿಸಿದರು. ಬೀದಿ ನಿಶ್ಶಬ್ದವಾಯಿತು. ಒಂದು ಒಣಎಲೆ ಬಾನೆಟ್ಟಿನ ಮೇಲೆ ಬಿದ್ದು ಸಣ್ಣಗೆ ಅದುರುತ್ತಿತ್ತು. ಅವರು ಕಾರಿನ ಪಕ್ಕ ನಿಂತು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಹೇಳಿದರು.

"ಹೂಂ. ಸ್ಟಾರ್ಟ್ ಮಾಡಿ ಮೇಷ್ಟ್ರೇ."

ಕಾರು ಓಡುತ್ತಲೇ ಇತ್ತು.

ಎತ್ತದ ಫೋನು, ತಿರುಗದ ಬೆನ್ನು, ಜೋರು ರೇಡಿಯೋ, ಇನ್ನೂ ರೇಸ್ ಕೊಡಿ ಎಂಬ ಗದರಿಕೆ, ನನ್ನ ತುಟಿಯನ್ನೇ ನೋಡುತ್ತಿದ್ದ ಆ ಕಣ್ಣು. ಎರಡು ವರ್ಷದಿಂದ ಅಹಂಕಾರ ಎಂದುಕೊಂಡದ್ದೆಲ್ಲ ಬೇರೆಯೇ ಆಗಿತ್ತು. ಮುನಿಯಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಹಳೆಯ ಎಣ್ಣೆಯ ಆ ಟಕಟಕವನ್ನು ಹೇಗೋ ಹಿಡಿದುಕೊಂಡು ದಿನ ತಳ್ಳುತ್ತಿದ್ದರು. ಇದು ಹೊರಗೆ ಗೊತ್ತಾದರೆ "ಕಿವಿ ಮುನಿಯಣ್ಣ" ಎಂಬ ಹೆಸರಿನ ಜೊತೆಗೆ ಗ್ಯಾರೇಜೂ ಹೋಗುತ್ತದೆ. ಸಿಂಥೆಟಿಕ್ ಬೇಡವೆಂದು ಅಷ್ಟು ಸಿಡಿದದ್ದು ಇದಕ್ಕೆ.

ಓಡುತ್ತಿದೆ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಅವರು ಕಣ್ಣು ಮುಚ್ಚಿದ್ದಾರಲ್ಲ ಎಂದು ಮೆಲ್ಲಗೆ ಕೀಲಿ ತಿರುವಿ ಎಂಜಿನ್ ಆರಿಸಿದೆ. ಮತ್ತೆ ತಿರುವಿ ಹೊತ್ತಿಸಿದೆ. ತಲೆ ಎತ್ತಿದರೆ ಅವರ ಕಣ್ಣು ತೆರೆದಿತ್ತು, ನನ್ನ ಕೈಯನ್ನೇ ನೋಡುತ್ತಿತ್ತು.

"ಎರಡ್ ಸಲ ತಿರುವಿದ್ರಿ" ಎಂದರು.

ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅದು ಬಿಸಿಯಾಗಿತ್ತು.

"ಆವಾಗ್ಲೇ ಓಡ್ತಿತ್ತಾ?"

"ಓಡ್ತಿತ್ತು ಮುನಿಯಣ್ಣ."

ಅವರು ಬೆಂಚಿನ ಮೇಲೆ ಕೂತರು. ನಾನು ಎಂಜಿನ್ ಆರಿಸಿ, ಇಳಿದು, ಪಕ್ಕದಲ್ಲಿ ಕೂತೆ. ಸಿಗದಿದ್ದ ಮೊದಲ ವಾಕ್ಯ ಆಗ ತಾನಾಗಿ ಬಂತು. "ನಾನು ಕದ್ದು ಸಿಂಥೆಟಿಕ್ ಹಾಕಿಸ್ಬಿಟ್ಟೆ. ಸೋರ್ತಾ ಇದೆ. ನಿಮ್ಮ ಹತ್ರ ಸುಳ್ಳು ಹೇಳ್ದೆ" ಎಂದು, ಅವರಿಗೆ ಕಾಣುವ ಹಾಗೆ ಮುಖ ತಿರುಗಿಸಿ, ಬಿಡಿಸಿ ಬಿಡಿಸಿ ಹೇಳಿದೆ.

"ನಾನೂ ಹೇಳಿದ್ದು ಸುಳ್ಳೇ ಮೇಷ್ಟ್ರೇ" ಎಂದರು. "ಆ ಎಣ್ಣೆ ಗಾಡಿಗೆ ಬ್ಯಾಡ ಅಂತಲ್ಲ. ಬ್ಯಾಡ ಆಗಿದ್ದು ನಂಗೆ."

ಹಳೆಯದನ್ನೇ ಹಾಕಿಬಿಡಿ, ಟಕಟಕ ಅಂದರೆ ಅನ್ನಲಿ ಎಂದೆ. ಅವರಿಗೆ ಸಿಟ್ಟು ಬಂತು. "ನನ್ ಕಿವಿ ಹೋಯ್ತು ಅಂತ ಅಮ್ಮಾವ್ರ ಗಾಡಿ ಯಾಕ್ ಸವೀಬೇಕು?" ಎಂದವರೇ ಎದ್ದು, ನೆಲಕ್ಕೆ ಹಾಸುವ ಗೋಣಿ ಎಳೆದು ಕಾರಿನಡಿಗೆ ಹೋದರು. ಅಲ್ಲಿಂದಲೇ ಪಾಠ ಹೇಳಿದರು. ಹಳೆಯ ಎಣ್ಣೆಯ ಕೊಳೆ ವರ್ಷಗಟ್ಟಲೆ ಒಳಗಿನ ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಗ್ಯಾಸ್ಕೆಟ್ಟು ಎಂದೋ ಬಿರುಕು ಬಿಟ್ಟಿದೆ, ಆ ಕೊಳೆಯೇ ಬಿರುಕನ್ನು ಮುಚ್ಚಿಕೊಂಡಿತ್ತು. ಹೊಸ ಎಣ್ಣೆ ಎಲ್ಲ ತೊಳೆಯಿತು, ಬಿರುಕು ಬಯಲಾಯಿತು. "ಎಣ್ಣೆ ತೂತು ಮಾಡ್ಲಿಲ್ಲ. ಇದ್ದಿದ್ದ ತೋರಿಸ್ತು ಅಷ್ಟೇ" ಎಂದರು. ನಮ್ಮಿಬ್ಬರ ಸುಳ್ಳುಗಳ ವಿಷಯವನ್ನೂ ಸೇರಿಸಿ ಹೇಳಿದರೇನೋ ಎಂದು ನನಗೆ ಅನುಮಾನ. ಆದರೆ ಕಾರಿನಡಿ ಮಲಗಿದವರ ಮುಖ ಕಾಣುವುದಿಲ್ಲ. ಬೇರೆ ಗ್ಯಾಸ್ಕೆಟ್ಟು ಹುಡುಕಿ ತಂದು ಕೂರಿಸಿ, ಅದೇ ಸಿಂಥೆಟಿಕ್ಕನ್ನೇ ಉಳಿಸಿದರು. ಕಮ್ಮಿಯಾದಷ್ಟನ್ನು ತುಂಬಿ, ಕಡೆಯ ಹನಿಯನ್ನು ಬೆರಳಿಗೆ ತೆಗೆದುಕೊಂಡು ಎಂಜಿನ್ನಿನ ತಲೆಗೆ ಇಟ್ಟು ಹರಸಿದರು. ನನ್ನ ಹಬ್ಬ ಅಂದು ಆಯಿತು.

ಡಾಕ್ಟರಿಗೆ ಕಿವಿ ತೋರಿಸಿ ಎಂದರೆ ಕೇಳಲಿಲ್ಲ. "ಮಿಶನ್ ಇಟ್ಕಂಡು ಕೂತ್ರೆ ಗಿರಾಕಿ ನನ್ ಕಿವಿ ನೋಡ್ತಾರಾ, ಗಾಡಿ ನೋಡ್ತಾರಾ?" ಎಂದರು. ಹಾಗಾಗಿ ಬೇರೊಂದು ಏರ್ಪಾಡಾಯಿತು. ವಾರಕ್ಕೆ ಎರಡು ದಿನ ಬೆಳಿಗ್ಗೆ ನಾನು ಆ ಬೆಂಚಿನ ಮೇಲೆ ಪೇಪರು ಹಿಡಿದು ಕೂರುತ್ತೇನೆ. ಹಳೆಯ ಗಾಡಿಗಳು ಬಂದರೆ ಮುನಿಯಣ್ಣ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ನನ್ನ ಕಡೆ ನೋಡಿ, "ಮೇಷ್ಟ್ರೇ, ನಿಮ್ಗೇನ್ ಕೇಳುಸ್ತು?" ಎನ್ನುತ್ತಾರೆ. ಗಿರಾಕಿಗಳು ಇದನ್ನು ನನಗೆ ತೋರಿಸುವ ಮರ್ಯಾದೆ ಎಂದುಕೊಂಡಿದ್ದಾರೆ. ಗೊರಗೊರ, ಕಿರಕಿರ, ಗುಂಯ್, ಚಟಪಟ ಎಂದು ನಾನು ಹೇಳುತ್ತೇನೆ. ತರಗತಿಯಲ್ಲಿ ಈ ಮಾತುಗಳನ್ನು ಹಲಗೆಯ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದೇನೆ, ಆದರೆ ಗೊರಗೊರಕ್ಕೂ ಗುರುಗುರುಗೂ ನಡುವೆ ಒಂದು ಬೇರಿಂಗಿನ ಅಂತರವಿದೆ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ತಪ್ಪು ಹೇಳಿದರೆ ಅವರು ಮೆಲ್ಲಗೆ ತಲೆಯಾಡಿಸುತ್ತಾರೆ. ಅವರ ಅಂಗೈಗೆ ಗೊತ್ತಾಗಿರುತ್ತದೆ.

ಸಿಂಥೆಟಿಕ್ ಒಳ್ಳೆಯದೋ ಮಾಮೂಲು ಎಣ್ಣೆ ಒಳ್ಳೆಯದೋ ಎಂದು ಪಾರ್ಕಿನಲ್ಲಿ ಈಗ ನನ್ನನ್ನೇ ಕೇಳುತ್ತಾರೆ. ಮೊದಲು ಎಲ್ಲಿ ಬಿರುಕಿದೆ ನೋಡಿಕೊಳ್ಳಿ, ಅದಕ್ಕೆ ಮದ್ದು ಮಾಡಿಸಿ, ಆಮೇಲೆ ಯಾವುದಾದರೂ ಹಾಕಿ ಎನ್ನುತ್ತೇನೆ. ಇದು ಉತ್ತರವೇ ಅಲ್ಲ ಎಂದು ಅವರಿಗೆ ಅಸಮಾಧಾನ. ಶ್ಲೋಕ ಹೇಳುವವರು ಮಾತ್ರ ಒಪ್ಪಿದ್ದಾರೆ.

ಈ ವರ್ಷದ ನೀರು ತುಂಬುವ ಹಬ್ಬಕ್ಕೆ ಹೊಂಗೆಮರದ ಕೆಳಗೇ ಎಣ್ಣೆನೀರಾಯಿತು. ಸರೋಜ ಹೂವಿನ ಸರ ಕಟ್ಟಿ ಕಳಿಸಿದ್ದಳು. ಹೊಸ ಎಣ್ಣೆ ಬಿಸಿಲು ಹಿಡಿದುಕೊಂಡು ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಹನಿ ಇಟ್ಟದ್ದಾಯಿತು, ಬಾನೆಟ್ ಮುಚ್ಚಿದ್ದಾಯಿತು. ನಾನು ಒಳಗೆ ಕೂತು ಎಂಜಿನ್ ಹೊತ್ತಿಸಿದೆ. ಮುನಿಯಣ್ಣ ರೇಡಿಯೋ ಆರಿಸಿ ಬಂದು, ಕಾರಿಗೆ ಒರಗಿ ನಿಂತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿದರು.

"ಹೂಂ. ಸ್ಟಾರ್ಟ್ ಮಾಡಿ ಮೇಷ್ಟ್ರೇ."

ಈ ಸಲ ನಾನು ಕೀಲಿ ಮುಟ್ಟಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಡ್ತಾ ಇದೆ ಮುನಿಯಣ್ಣ" ಎಂದೆ.

ಅವರು ಒಂದು ಕಣ್ಣು ತೆರೆದರು. ಆಗ ನೋಡಿದೆ, ಅವರ ಅಂಗೈ ಮೊದಲಿನಿಂದಲೂ ಬಾನೆಟ್ಟಿನ ಮೇಲೇ ಇತ್ತು.

"ಗೊತ್ತು" ಎಂದರು. "ನಿಮ್ ಕಿವಿ ನೆಟ್ಟಗೈತಾ ಅಂತ ನೋಡ್ದೆ."